ನದಿಯಂಚಿನ ದಿಬ್ಬಕ್ಕೆ ಒಬ್ಬಳೇ

ಮಳೆಯಲ್ಲಿ ನೆನೆದ ಗುಜರಿ ಕಬ್ಬಿಣಕ್ಕೆ ಒಂದು ವಾಸನೆಯಿದೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ಮನೆಗೆ ಬರುತ್ತಿದ್ದ ಅಪ್ಪನ ಅಂಗಿಗೂ ಅದೇ ವಾಸನೆ ಇರುತ್ತಿತ್ತು. ಹಾಗಾಗಿ ಅದು ನನಗೆ ಮನೆಯನ್ನು ನೆನಪಿಸಬೇಕು. ನೆನಪಿಸುವುದಿಲ್ಲ. ಈ ಅಕ್ಟೋಬರಿನಲ್ಲಿ ನಮ್ಮ ಹಡಗು ಡೆಟ್ರಾಯ್ಟ್ ನದಿಯಲ್ಲಿ ನಿಧಾನವಾಗಿ ಮೇಲಕ್ಕೆ ಬರುವಾಗ ದಡದ ಗುಜರಿ ರಾಶಿಗಳ ಮೇಲಿಂದ ಆ ಗಾಳಿ ಬೀಸಿತು. ನನಗೆ ಗೊತ್ತಿಲ್ಲದೆಯೇ ಹಲ್ಲು ಕಚ್ಚಿಕೊಂಡಿದ್ದೆ. ಪಕ್ಕದಲ್ಲಿದ್ದ ಪೈಲಟ್, ಅಂದರೆ ಈ ನದಿಯಲ್ಲಿ ಹಡಗಿಗೆ ದಾರಿ ತೋರಿಸಲು ಹತ್ತುವ ಸ್ಥಳೀಯ, "ಏನಾದರೂ ತೊಂದರೆಯೇ?" ಎಂದು ಕೇಳಿದ. ಏನಿಲ್ಲ ಎಂದೆ. ಐದು ವರ್ಷದ ಹಿಂದಿನ ಹನ್ನೊಂದು ದಿನಗಳನ್ನು ಅವನಿಗೆ ಹೇಗೆ ಹೇಳುವುದು!

ನಾನೀಗ ಸೆಕೆಂಡ್ ಆಫೀಸರ್. ಒಂದು ವರ್ಷ ಮೊದಲೇ ಆಗಬೇಕಿತ್ತು. ಆ ಹನ್ನೊಂದು ದಿನಗಳಿಂದಾಗಿ ತಡವಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯನ್ನು ಕೇಳಿದವರೆಲ್ಲ ಕೊನೆಯಲ್ಲಿ "ಅಷ್ಟಕ್ಕೂ ಏನು ಸಿಕ್ಕಿತು ನಿನಗೆ?" ಎನ್ನುತ್ತಾರೆ. ಒಂದು ವರ್ಷ ಹೋಯಿತು. ಹೋಗಲಿ.

ಆಗ ನಾನು ಥರ್ಡ್ ಆಫೀಸರ್, ಈಗಿನದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ. ಹಡಗಿನಲ್ಲಿ ಇಪ್ಪತ್ತೊಂದು ಜನ, ಎಲ್ಲರೂ ಭಾರತದವರು, ಅವರಲ್ಲಿ ಹೆಣ್ಣು ನಾನೊಬ್ಬಳೇ. ಕ್ಯಾಪ್ಟನ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಐವತ್ತು ದಾಟಿದ, ಬೆಳಿಗ್ಗೆ ಪೂಜೆ ಮಾಡಿ ಬ್ರಿಡ್ಜಿಗೆ, ಅಂದರೆ ಹಡಗು ನಡೆಸುವ ಕೋಣೆಗೆ ಬರುವ, ಎಲ್ಲರ ಯೋಗಕ್ಷೇಮ ವಿಚಾರಿಸುವ ಮನುಷ್ಯ. ನನ್ನನ್ನು 'ಬೇಟಾ' ಎಂದು ಕರೆಯುತ್ತಿದ್ದರು. ಬೇರೆ ಅಧಿಕಾರಿಗಳನ್ನೆಲ್ಲ ಹುದ್ದೆಯಿಂದ ಕರೆಯುತ್ತಿದ್ದರು, ನಾನು ಮಾತ್ರ ಬೇಟಾ. ಆ ಬೇಟಾ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೆ ಮೊದಲು ತಿಳಿಯಲಿಲ್ಲ.

ಹಡಗು ಬಂದರಿಗೆ ತಾಗಿದಾಗ ಕೆಲಸವಿಲ್ಲದವರು ನಾಲ್ಕಾರು ಗಂಟೆ ದಡಕ್ಕಿಳಿಯಬಹುದು. ಅದಕ್ಕೆ ಶೋರ್ ಲೀವ್ ಎನ್ನುತ್ತಾರೆ. ತಿಂಗಳುಗಟ್ಟಲೆ ಕಬ್ಬಿಣದ ಮೇಲೆಯೇ ನಡೆಯುವವರಿಗೆ ಅದು ಊಟದಷ್ಟೇ ಮುಖ್ಯ. ಆಂಟ್ವರ್ಪಿನಲ್ಲಿ ಉಕ್ಕಿನ ಸುರುಳಿಗಳನ್ನು ತುಂಬಿಕೊಳ್ಳುವಾಗ ಹುಡುಗರೆಲ್ಲ ಇಳಿದರು. ನನಗೆ ಕ್ಯಾಪ್ಟನ್, "ಬೇಟಾ, ಈ ಬಂದರು ಒಳ್ಳೆಯದಲ್ಲ" ಎಂದರು. ಮಾಂಟ್ರಿಯಲ್ಲಿನಲ್ಲಿ, "ಬೇಟಾ, ಕತ್ತಲಾಗುತ್ತಾ ಬಂತು" ಎಂದರು. ಡೆಟ್ರಾಯ್ಟಿಗೆ ಬಂದಾಗ ವಲಸೆ ಅಧಿಕಾರಿಗಳು ಹಡಗು ಹತ್ತಿ, ಒಬ್ಬೊಬ್ಬರ ಮುಖ ನೋಡಿ, ಇಳಿಯುವ ಪರವಾನಗಿ ಕೊಟ್ಟರು. ನನಗೂ ಕೊಟ್ಟರು. ಅಮೆರಿಕ ಸರ್ಕಾರ ಬಿಟ್ಟಿತು, ನಮ್ಮ ಕ್ಯಾಪ್ಟನ್ ಬಿಡಲಿಲ್ಲ. "ಡೆಟ್ರಾಯ್ಟ್ ಬೇಟಾ! ಹೆಸರೇ ಸಾಕು. ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ" ಎಂದರು. ಇದ್ದರೆ ಅವರನ್ನು ಬಿಡಬೇಡಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಸಾಮಾನ್ಯವಾಗಿ ಅಲ್ಲಿ ಸರಕಿಳಿಸುವುದು ಮೂರು ದಿನದ ಕೆಲಸ. ಆ ಸಲ ಹನ್ನೊಂದು ದಿನ ಹಿಡಿಯಿತು. ಉಕ್ಕಿನ ಸುರುಳಿಗೆ ನೀರು ತಾಗಬಾರದು, ಹನಿ ಬಿದ್ದರೆ ತುಕ್ಕು. ಆ ಅಕ್ಟೋಬರಿನಲ್ಲಿ ಮಳೆ ಹಟ ಹಿಡಿದಿತ್ತು. ಧೋ ಎಂದು ಸುರಿಯುವ ಮಳೆಯಲ್ಲ. ಅರ್ಧ ಗಂಟೆ ಜಿನುಗಿ, ಒಂದು ಗಂಟೆ ನಿಂತು, ಕ್ರೇನಿನವನು ಮೇಲೆ ಹತ್ತಿ ಕುಳಿತ ಕೂಡಲೇ ಮತ್ತೆ ಶುರುವಾಗುವ ಮಳೆ. ದಡದ ಗುಜರಿ ರಾಶಿಗಳ ವಾಸನೆ ಕುಡಿಯುತ್ತಾ, ಆಕಾಶ ನೋಡುತ್ತಾ ಡೆಕ್ಕಿನ ಮೇಲೆ ನಿಂತಿರುವುದು ನನ್ನ ಕೆಲಸ. ಮೊದಲ ಹನಿ ಕೈಮೇಲೆ ಬಿದ್ದೊಡನೆ ಕೂಗಬೇಕು, ಸರಕಿನ ಗೂಡುಗಳ ದೊಡ್ಡ ಮುಚ್ಚಳಗಳು ಉರುಳಿ ಮುಚ್ಚಿಕೊಳ್ಳಬೇಕು. ದಿನಕ್ಕೆ ಏಳೆಂಟು ಬಾರಿ ತೆರೆದು ಮುಚ್ಚಿ, ಮುಚ್ಚಿ ತೆರೆದು, ಐದು ದಿನವಾದರೂ ಅರ್ಧ ಸರಕೂ ಇಳಿಯಲಿಲ್ಲ. ಕೆಲಸ ನಿಂತಾಗಲೆಲ್ಲ ಹುಡುಗರು ವ್ಯಾನು ಹತ್ತಿ ಅಂಗಡಿಗೆ ಹೋಗಿ ಚಾಕೊಲೇಟು, ಶೂಸು ತಂದರು. ನನಗೂ ಏನಾದರೂ ತರಬೇಕೆ ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಆ ಪ್ರೀತಿಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ನಿಲ್ಲುತ್ತಿದ್ದ ಜಾಗದಿಂದ ನದಿಯ ಮೇಲ್ಭಾಗಕ್ಕೆ ಒಂದು ಹಳೆಯ ಕೋಟೆ ಕಾಣುತ್ತಿತ್ತು. ಹುಲ್ಲುಗಾವಲು, ಇಟ್ಟಿಗೆಯ ಖಾಲಿ ಬ್ಯಾರಕ್‌ಗಳು, ಹಳದಿಯಾಗುತ್ತಿದ್ದ ಮರಗಳು. ಕ್ರೇನಿನ ಫೋರ್‌ಮನ್ ಒಬ್ಬ, ಅರವತ್ತರ ಹತ್ತಿರದವನು, ಮಳೆಗೆ ಕೆಲಸ ನಿಂತಾಗ ನನ್ನ ಪಕ್ಕ ನಿಂತು ಕಾಫಿ ಕುಡಿಯುತ್ತಿದ್ದ. ಅವನೇ ಹೇಳಿದ್ದು: ಕೋಟೆಯದು ಬಿಡು, ಅದು ಮೊನ್ನೆಯದು, ಅದರ ಆವರಣದೊಳಗೆ ಒಂದು ಮಣ್ಣಿನ ದಿಬ್ಬವಿದೆ, ಸಾವಿರ ವರ್ಷಕ್ಕೂ ಹಳೆಯದು, ಇಲ್ಲಿನ ಮೂಲನಿವಾಸಿಗಳು ತಮ್ಮವರನ್ನು ಮಣ್ಣು ಮಾಡಿದ ಜಾಗ. ಈ ದಂಡೆಯುದ್ದಕ್ಕೂ ಅಂಥವು ಬೇಕಾದಷ್ಟಿದ್ದವಂತೆ. ಕಾರ್ಖಾನೆಗಳಿಗೆ ಜಾಗ ಬೇಕಾದಾಗ ಒಂದೊಂದಾಗಿ ಅಗೆದು ಮರಳು ಮಾರಿದರಂತೆ. ಸೈನ್ಯದ ಬೇಲಿಯೊಳಗೆ ಸಿಕ್ಕಿಕೊಂಡದ್ದರಿಂದ ಇದೊಂದು ಉಳಿಯಿತು.

ನನಗೆ ಇತಿಹಾಸದ ಹುಚ್ಚೇನೂ ಇಲ್ಲ. ಹಂಪಿಗೆ ಶಾಲೆಯ ಟ್ರಿಪ್ಪಿನಲ್ಲಿ ಹೋಗಿ ಐಸ್‌ಕ್ರೀಂ ತಿಂದು ಬಂದವಳು. ಆದರೆ ಅದು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು, ಮಣ್ಣಿನದಾಗಿತ್ತು, ಮತ್ತು ನಾನು ಹೋಗುವಂತಿರಲಿಲ್ಲ. ಅಷ್ಟು ಸಾಕಾಯಿತು. ನಾನು ಮಣ್ಣು ತುಳಿದು ಆಗಲೇ ತೊಂಬತ್ತು ದಿನ ದಾಟಿತ್ತು.

ಮರುದಿನ ಸೀದಾ ಹೋಗಿ ಕ್ಯಾಪ್ಟನ್ ಎದುರು ನಿಂತೆ. ನನ್ನನ್ನು ಇಳಿಸದಿರುವುದಕ್ಕೆ ಕಾರಣವನ್ನು ಕಾಗದದ ಮೇಲೆ ಬರೆದು ಕೊಡಿ ಎಂದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ, ಈ ಊರಿನಲ್ಲಿ ನಿನ್ನ ಕಡೆಯವರು, ಜವಾಬ್ದಾರಿಯುಳ್ಳವರು ಯಾರಾದರೂ ಬಂದು ಕರೆದುಕೊಂಡು ಹೋದರೆ ಬಿಡುತ್ತೇನೆ ಎಂದರು. ಅಂಥವರು ಯಾರೂ ಇರಲಾರರು ಎಂದುಕೊಂಡಿದ್ದರೋ ಏನೋ.

ಇದ್ದರು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರಾಗಿದ್ದ ಮುಮ್ತಾಜ್ ಆಂಟಿ ಮದುವೆಯಾದ ಮೇಲೆ ಈ ಕಡೆ ಬಂದು ನೆಲೆಸಿದ್ದರು. ಮನೆ ಡೆಟ್ರಾಯ್ಟಿನ ಪಶ್ಚಿಮಕ್ಕೆ ಕ್ಯಾಂಟನ್ ಎಂಬ ಊರಿನಲ್ಲಿ. ಅದರಾಚೆ ವಿಕ್ಸಮ್ ಎಂಬಲ್ಲಿ ಗಂಡಹೆಂಡಿರದೊಂದು ಸಣ್ಣ ವರ್ಕ್‌ಶಾಪು, ಕಾರಿನ ಬಿಡಿಭಾಗಗಳಿಗೆ ಅಚ್ಚು ಮಾಡಿಕೊಡುವುದು. ಅಮ್ಮನಿಂದ ನಂಬರು ತೆಗೆದುಕೊಂಡು ಫೋನ್ ಮಾಡಿದೆ. "ಸುವರ್ಣಾ? ಡೆಟ್ರಾಯ್ಟಿನ್ಯಾಗ ಅದೀಯಾ? ಖರೇನ?" ಎಂದು ಕೂಗಿಕೊಂಡರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದೇ ಬಿಟ್ಟರು. ಬಂದರಿನ ನಿಯಮದಂತೆ ಚೂಡಿದಾರದ ಮೇಲೆ ಹಳದಿ ಜಾಕೆಟ್ಟು, ಕಾಲಿಗೆ ಉಕ್ಕಿನ ಮೂತಿಯ ಸೇಫ್ಟಿ ಶೂಸು. ಯಾರಿಂದಲೂ ಎರವಲು ತಂದದ್ದಲ್ಲ, ದಿನಾ ವರ್ಕ್‌ಶಾಪಿನಲ್ಲಿ ಹಾಕುವವೇ.

ಕ್ಯಾಪ್ಟನ್ ಒಂದು ಕಾಗದ ಸಿದ್ಧ ಮಾಡಿಟ್ಟಿದ್ದರು. ಥರ್ಡ್ ಆಫೀಸರನ್ನು ನನ್ನ ಜವಾಬ್ದಾರಿಯಲ್ಲಿ ಕರೆದೊಯ್ದು, ಪೂರ್ತಿ ಹೊತ್ತು ನನ್ನ ಕಣ್ಣೆದುರಿನಲ್ಲೇ ಇಟ್ಟುಕೊಂಡು, ಸಂಜೆ ಐದರೊಳಗೆ ಹಡಗಿಗೆ ಮರಳಿಸುತ್ತೇನೆ ಎಂದು ಅದರಲ್ಲಿತ್ತು. ಆಂಟಿ ಎರಡು ಸಲ ಓದಿದರು.

"ನಮ್ಮ ಶಾಪಿಗೆ ಸ್ಟೀಲ್ ಬಂದಾಗ ಹಿಂಗ ಸಹಿ ಮಾಡತೀವಿ ನೋಡವಾ," ಎಂದು ನನಗಷ್ಟೇ ಕೇಳುವಂತೆ ಹೇಳಿ ಸಹಿ ಹಾಕಿದರು. ನನಗೆ ನಗು ಬರಲಿಲ್ಲ.

ಬಂದರಿನ ಗೇಟು ದಾಟಿದೆವು. ರಸ್ತೆಯಲ್ಲಿ ಸುತ್ತಿ ಹೋದರೂ ಕೋಟೆ ಎರಡೇ ಮೈಲಿ. ಆದರೆ ಆಂಟಿಯ ವ್ಯಾನು ಹೈವೇ ಏರಿ ಪಶ್ಚಿಮಕ್ಕೆ ಓಡತೊಡಗಿತು. ನಾಲ್ಕಾರು ಎಕ್ಸಿಟ್ ದಾಟಿದ ಮೇಲೆ ಕೇಳಿದೆ.

"ಎಲ್ಲಿಗ್ ಹೊಂಟೀವಿ ಆಂಟಿ?"

"ಮನಿಗೆ. ಮತ್ತೆಲ್ಲಿಗೆ? ರೊಟ್ಟಿ ಬಡದೀನಿ, ಎಣಗಾಯಿ ಮಾಡೀನಿ. ಬಿಸಿನೀರಾಗ ಝಳಕಾ ಮಾಡು, ಉಣ್ಣು, ಹೊದ್ಕೊಂಡು ಮಲ್ಕೋ. ನಾಕಕ್ಕ ಎಬ್ಬಸತೀನಿ."

"ದಿಬ್ಬ ನೋಡಬೇಕು ಅಂತ ಫೋನಿನ್ಯಾಗ ಹೇಳಿದ್ನಲ್ರೀ."

"ಅದೇನ್ ಓಡಿ ಹೊಕ್ಕೈತೇನ? ಇನ್ನೊಂದ್ ಸಲ ಬಂದಾಗ ನೋಡೀಯಂತ. ನಿಮ್ಮವ್ವ ರಾತ್ರಿ ಫೋನ್ ಮಾಡಿದ್ಲು. ಹುಡುಗೀನ ಮನಿ ಬಿಟ್ಟು ಎಲ್ಲೂ ಕಳಸಬ್ಯಾಡ್ರಿ ಅಂದಾಳ. ಮಾತು ಕೊಟ್ಟೀನಿ."

ಆ ಕ್ಷಣದ ನನ್ನ ಸಿಟ್ಟನ್ನು ಬರೆಯಲು ಈಗಲೂ ನಾಚಿಕೆಯಿಲ್ಲ. ಹಡಗಿನಲ್ಲಿ ಒಬ್ಬರು, ಹುಬ್ಬಳ್ಳಿಯಲ್ಲಿ ಒಬ್ಬರು, ವ್ಯಾನಿನಲ್ಲಿ ಒಬ್ಬರು. ಮೂವರೂ ನನ್ನ ಒಳ್ಳೆಯದನ್ನೇ ಬಯಸುವವರು, ಮೂವರೂ ನನ್ನನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹದಿನೈದು ಸಾವಿರ ಟನ್ನಿನ ಹಡಗನ್ನು ನಡುಸಮುದ್ರದಲ್ಲಿ ದಿನಕ್ಕೆ ಎಂಟು ಗಂಟೆ ನನ್ನ ಕೈಗೆ ಕೊಟ್ಟು ಇವರೆಲ್ಲ ನಿಶ್ಚಿಂತೆಯಿಂದ ಇರುತ್ತಾರೆ. ಎರಡು ಮೈಲಿ ನಡೆಯಲು ಮಾತ್ರ ನನ್ನ ಕೈ ಹಿಡಿಯಬೇಕು!

"ಹಂಗಾರ ಗಾಡಿ ತಿರುಗಿಸಿ ಹಡಗಿಗೇ ಬಿಡ್ರಿ," ಎಂದೆ. "ಅಲ್ಲಿ ಕ್ಯಾಬಿನ್ನಿನ್ಯಾಗ ಕುಂದರೂದು, ಇಲ್ಲಿ ನಿಮ್ಮ ಮನ್ಯಾಗ ಕುಂದರೂದು. ಏನ್ ಫರಕೈತಿ? ನಿಮ್ಮ ರೊಟ್ಟಿ ಮ್ಯಾಲೆ ನಂಗ ಸಿಟ್ಟಿಲ್ಲ ಆಂಟಿ. ಆದ್ರ ತೊಂಬತ್ತೇಳು ದಿನಾ ಆತು ನಾ ಒಂದು ಹೆಜ್ಜಿ ಮಣ್ಣ ತುಳದು. ಇವತ್ತ ತುಳೀತೀನಿ. ನೀವು ಕರಕೊಂಡು ಹೋಗಲಿಲ್ಲಂದ್ರ ಮುಂದಿನ ಸಿಗ್ನಲ್‌ನ್ಯಾಗ ಇಳದು ನಡಕೊಂತ ಹೋಗತೀನಿ."

ಆಂಟಿ ವೈಪರಿನ ವೇಗ ಹೆಚ್ಚಿಸಿದರು.

"ನಾ ಬಂದ ಹೊಸದಾಗಿ ನಂಗ ಡ್ರೈವಿಂಗ್ ಬರ್ತಿರಲಿಲ್ಲ," ಎಂದರು. "ಎರಡು ಚಳಿಗಾಲ ಅಪಾರ್ಟ್‌ಮೆಂಟಿನ ಕಿಡಕ್ಯಾಗ ನಿಂತು ಪಾರ್ಕಿಂಗ್ ಲಾಟ್ ನೋಡೀನಿ. ಹೊರಗ ಹೋಗಬ್ಯಾಡ, ಹಿಮಾ ಅದ, ಜಾರ್ತೀ ಅಂತಿದ್ರು ಎಲ್ಲಾರೂ."

ಮುಂದಿನ ಎಕ್ಸಿಟ್‌ನಲ್ಲಿ ಇಂಡಿಕೇಟರ್ ಹಾಕಿ ಇಳಿದು, ಸೇತುವೆಯ ಕೆಳಗೆ ತಿರುಗಿ, ಮತ್ತೆ ಪೂರ್ವಕ್ಕೆ ಹೈವೇ ಏರಿದರು. ಡಬ್ಬಿಯಲ್ಲಿ ನಾಲ್ಕು ರೊಟ್ಟಿ ಇದ್ದವು, ದಾರಿಯಲ್ಲಿ ತಿನ್ನಲೆಂದು ತಂದದ್ದು. ಅವನ್ನು ಕೋಟೆಯ ಪಾರ್ಕಿಂಗಿನಲ್ಲಿ ಗಾಡಿಯೊಳಗೇ ಕುಳಿತು ತಿಂದೆವು. ಶೇಂಗಾ ಚಟ್ನಿಯ ಖಾರಕ್ಕೋ ಏನೋ ಇಬ್ಬರ ಕಣ್ಣಲ್ಲೂ ನೀರು.

ದಿಬ್ಬ ತೋರಿಸಲು ಒಬ್ಬ ಮುದುಕಿ ಸ್ವಯಂಸೇವಕಿ ಬಂದಳು. ನೋಡಿದರೆ ಏನಿದೆ? ಒಂದಂತಸ್ತಿನ ಮನೆಯಷ್ಟೂ ಎತ್ತರವಿಲ್ಲದ, ಹುಲ್ಲು ಹೊದ್ದ ಮಣ್ಣು. ಸುತ್ತ ಬೇಲಿ. ಕಂಬವಿಲ್ಲ, ಕೆತ್ತನೆಯಿಲ್ಲ, ಮೇಲೆ ಕಟ್ಟಿದ್ದು ಒಂದೂ ಇಲ್ಲ.

"ಇದ ಏನು?" ಎಂದರು ಆಂಟಿ. "ಇಷ್ಟಕ್ಕ ಇಷ್ಟು ಜಗಳ ತಗದೀ ಏನವಾ?"

ಮುದುಕಿ, ಒಳಗೆ ಇನ್ನೂ ಜನ ಮಲಗಿದ್ದಾರೆ, ಅವರ ಮಕ್ಕಳ ಮಕ್ಕಳು ಈಗಲೂ ಬರುತ್ತಾರೆ, ಆದ್ದರಿಂದ ಯಾರೂ ಹತ್ತುವಂತಿಲ್ಲ ಎಂದು ಹೇಳಿದಳು. ಅದನ್ನು ಕೇಳಿದಾಗ ಆಂಟಿಯ ಮುಖ ಬದಲಾಯಿತು. ದುಪಟ್ಟಾವನ್ನು ತಲೆಯ ಮೇಲೆಳೆದುಕೊಂಡರು. "ಸಮಾಧಿ ಅಂದಮ್ಯಾಲೆ ಮಾತಾಡಬಾರದು," ಎಂದು ಸುಮ್ಮನೆ ನಿಂತರು. ನಾನು ಶೂಸು ಕಳಚಿ, ಸಾಕ್ಸನ್ನೂ ತೆಗೆದು, ಒದ್ದೆ ಹುಲ್ಲಿನ ಮೇಲೆ ಕಾಲಿಟ್ಟೆ. ಏಳೆಂಟು ಡಿಗ್ರಿಯ ಚಳಿಗೆ ಪಾದ ಮರಗಟ್ಟಿತು. ಅದಕ್ಕಿಂತ ಹೆಚ್ಚಾಗಿ ನೆಲ ತೂಗುತ್ತಿತ್ತು. ಬಹಳ ದಿನ ನೀರಿನ ಮೇಲಿದ್ದವರಿಗೆ ಹಾಗಾಗುತ್ತದೆ. ನಿಂತ ನೆಲವೇ ಹಡಗಿನಂತೆ ಏರಿಳಿಯುತ್ತದೆ. ಬೇಲಿಯ ಕಂಬ ಹಿಡಿದುಕೊಂಡೆ.

ಎಲ್ಲ ದಿಬ್ಬಗಳನ್ನೂ ಅಗೆದರೂ ಇದೊಂದು ಉಳಿಯಿತು ಎಂಬುದನ್ನು ನನಗೆ ಹೋಲಿಸಿಕೊಂಡು ಎದೆಯುಬ್ಬಿಸುವ ಆಸೆ ಒಂದು ಕ್ಷಣ ಬಂತು. ಬೇಡವೆಂದು ಬಿಟ್ಟೆ. ಅದು ಸತ್ತವರ ಜಾಗ, ನನ್ನ ಜಗಳಕ್ಕೆ ಅವರನ್ನು ಎಬ್ಬಿಸುವುದು ಬೇಡ. ಆದರೆ ಒಂದು ಮಾತು ಖಂಡಿತ ತಿಳಿಯಿತು. ಇಷ್ಟು ಹೊತ್ತೂ ಆಂಟಿ ನನ್ನ ಬೆನ್ನ ಹಿಂದೆ ನಾಲ್ಕೇ ಹೆಜ್ಜೆ ದೂರದಲ್ಲಿದ್ದರು. ಸಹಿ ಹಾಕಿದ್ದರಲ್ಲ. ನಾನು ಇಲ್ಲಿಗೆ ಬಂದದ್ದು ನಿಜ, ಆದರೆ ಇನ್ನೂ ದಾಟಿಸಲ್ಪಟ್ಟ ಮಾಲಾಗಿಯೇ ಬಂದಿದ್ದೆ.

"ಆಂಟಿ, ನಾ ನದೀ ತನಕ ಒಬ್ಬಾಕೀನ ಹೋಗಿ ಬರತೀನಿ."

ಅವರು ನದಿಯ ಕಡೆ ನೋಡಿದರು. ಮುನ್ನೂರು ಹೆಜ್ಜೆ ಇರಬಹುದು, ನಡುವೆ ಬ್ಯಾರಕ್‌ಗಳ ಸಾಲು ಅಡ್ಡ. ನನ್ನ ಕಡೆ ನೋಡಿದರು. ಆಮೇಲೆ ಅಲ್ಲಿದ್ದ ಬೆಂಚಿನ ಮೇಲೆ ಕುಳಿತು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

"ಹೋಗು. ಕಣ್ಣ ತಗೀಬೇಕಾದ್ರ ಕೂಗತೀನಿ."

ಹೋದೆ. ಓಡಲಿಲ್ಲ. ಹಡಗಿನಲ್ಲಿ ಎಷ್ಟೇ ನಡೆದರೂ ತುದಿ ಬರುತ್ತದೆ, ತಿರುಗಲೇಬೇಕು. ಇಲ್ಲಿ ತಿರುಗದೆ ನೆಟ್ಟಗೆ ನಡೆದೆ. ಹಿಂದೆ ಹೆಜ್ಜೆ ಸಪ್ಪಳವಿಲ್ಲ, 'ಬೇಟಾ' ಇಲ್ಲ, ಯಾರ ಜವಾಬ್ದಾರಿಯೂ ಅಲ್ಲ. ಎಲೆಗಳು ಕಾಲಿಗೆ ಅಂಟುತ್ತಿದ್ದವು. ಖುಷಿಯಾಯಿತು. ಎಷ್ಟು ಖುಷಿಯಾಯಿತೆಂದರೆ ಹುಬ್ಬಳ್ಳಿಯ ಬೈಗುಳ ಒಂದನ್ನು ಜೋರಾಗಿ, ಯಾರಿಗೂ ಅಲ್ಲದೆ, ಎರಡು ಸಲ ಬೈದೆ.

ದಂಡೆಗೆ ಬಂದು ನೋಡಿದರೆ ನದಿಯ ಕೆಳಭಾಗಕ್ಕೆ, ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲೇ ನಮ್ಮ ಹಡಗು. ಅದನ್ನು ಹೊರಗಿನಿಂದ ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಬದಿಯಲ್ಲಿ ತುಕ್ಕಿನ ಗೆರೆಗಳು, ಹಿಂಭಾಗದಲ್ಲಿ ಪ್ರತಿ ವಾರ ನಾನೇ ಗ್ರೀಸ್ ಹಚ್ಚುವ ಕಿತ್ತಳೆ ಬಣ್ಣದ ಲೈಫ್‌ಬೋಟು. ಬ್ರಿಡ್ಜಿನ ಹೊರಗಿನ ಕಟ್ಟೆಯ ಮೇಲೆ ಬಿಳಿ ಅಂಗಿಯ ಒಬ್ಬ ಮನುಷ್ಯ, ಮುಖಕ್ಕೆ ಬೈನಾಕ್ಯುಲರ್ ಹಿಡಿದು ಸೀದಾ ನನ್ನ ಕಡೆಗೇ ನೋಡುತ್ತಿದ್ದಾರೆ. ಆ ನಿಲುವು ನನಗೆ ಗೊತ್ತಿತ್ತು. ಮರದ ಮರೆಗೆ ಸರಿಯಬಹುದಿತ್ತು. ಸರಿಯಲಿಲ್ಲ. ಬಲಗೈಯನ್ನು ಪೂರ್ತಿ ಎತ್ತಿ, ದೊಡ್ಡದಾಗಿ, ಕಾಣುವಂತೆ ಬೀಸಿದೆ. ಬೈನಾಕ್ಯುಲರ್ ಕೆಳಗಿಳಿಯಿತು.

ನಾಲ್ಕೂ ನಲವತ್ತಕ್ಕೆ ಹಡಗು ಹತ್ತಿದೆ. ಆರು ಗಂಟೆಗೆ ಕ್ಯಾಪ್ಟನ್ ಕಚೇರಿಗೆ ಕರೆ ಬಂತು. ಮೇಜಿನ ಮೇಲೆ ಹಡಗಿನ ಅಧಿಕೃತ ಲಾಗ್ ಪುಸ್ತಕ ತೆರೆದಿತ್ತು. ಯಾರದಾದರೂ ತಪ್ಪನ್ನು ದಾಖಲಿಸುವುದು ಅದರಲ್ಲೇ. ಅದಕ್ಕೊಂದು ಕ್ರಮವಿದೆ. ಶಾಯಿಯಲ್ಲಿ ಬರೆಯಬೇಕು, ಸಾಕ್ಷಿಯ ಎದುರು ಓದಿ ಹೇಳಬೇಕು, ಆಪಾದಿತರ ಉತ್ತರವನ್ನು ಅವರು ಹೇಳಿದಂತೆಯೇ ಕೆಳಗೆ ಬರೆಯಬೇಕು. ಸಾಕ್ಷಿಯಾಗಿ ಚೀಫ್ ಆಫೀಸರ್ ಕುಳಿತಿದ್ದರು, ಹುದ್ದೆಯಲ್ಲಿ ಕ್ಯಾಪ್ಟನ್ನರ ನಂತರದವರು, ಮಾತು ಬಹಳ ಕಡಿಮೆಯ ಮನುಷ್ಯ. ಅಷ್ಟು ದಿನವೂ ನನ್ನ ವಿಷಯ ಬಂದಾಗಲೆಲ್ಲ ತಮ್ಮ ಶೂಸು ನೋಡಿಕೊಳ್ಳುತ್ತಿದ್ದವರು.

ಕ್ಯಾಪ್ಟನ್ ಓದಿದರು. ಥರ್ಡ್ ಆಫೀಸರ್, ಜೊತೆಗಾರರ ಕಣ್ಣಳತೆಯಲ್ಲೇ ಇರಬೇಕೆಂಬ ಷರತ್ತನ್ನು ಮುರಿದು, ದಂಡೆಯ ಮೇಲೆ ಒಬ್ಬಳೇ ತಿರುಗಾಡಿದ್ದು ಕಂಡುಬಂದಿದೆ. ಓದಿ ತಲೆಯೆತ್ತಿ, "ನಿನ್ನ ಉತ್ತರ, ಬೇಟಾ?" ಎಂದರು.

"ಬರೆದುಕೊಳ್ಳಿ ಸರ್," ಎಂದೆ. "ಹೌದು, ಹೋಗಿದ್ದೆ. ಒಬ್ಬಳೇ ಹೋಗಿದ್ದೆ. ಈ ಹಡಗಿನ ಉಳಿದ ಇಪ್ಪತ್ತು ಜನರಲ್ಲಿ ಯಾರಿಗೂ ಇಲ್ಲದ ಷರತ್ತು ನನಗೊಬ್ಬಳಿಗೆ ಇತ್ತು. ಅದನ್ನು ಮುರಿದೆ. ಮುಂದಿನ ಬಂದರು ಶಿಕಾಗೊದಲ್ಲೂ ಮುರಿಯುತ್ತೇನೆ."

ಚೀಫ್ ಆಫೀಸರ್ ಪೆನ್ನಿನ ಕ್ಯಾಪು ತೆಗೆದರು. ಆಗ ಕ್ಯಾಪ್ಟನ್ನಿಗೆ ಹೊಳೆಯಿತು. ಆ ಪುಸ್ತಕ ಕಂಪನಿಗೆ ಹೋಗುತ್ತದೆ, ಹಡಗು ನೋಂದಣಿಯಾದ ದೇಶದ ಅಧಿಕಾರಿಗಳೂ ಓದುತ್ತಾರೆ. ನನಗೊಬ್ಬಳಿಗೇ ಹಾಕಿದ ಷರತ್ತನ್ನು ಸ್ವಂತ ಕೈಯಿಂದ ಅವರೇ ಬರೆದಿದ್ದರು.

"ಇರಲಿ, ಇಷ್ಟು ದೊಡ್ಡದು ಮಾಡುವುದು ಬೇಡ," ಎಂದರು. "ನಾನೂ ಮರೆಯುತ್ತೇನೆ, ನೀನೂ ಮರೆತುಬಿಡು." ತಾವು ಬರೆದುದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಕಿರುಸಹಿ ಹಾಕಿದರು. ಲಾಗ್ ಪುಸ್ತಕದ ಹಾಳೆ ಹರಿಯುವಂತಿಲ್ಲ, ಅಕ್ಷರವನ್ನು ಅಳಿಸುವಂತಿಲ್ಲ. ಗೆರೆಯ ಕೆಳಗಿನ ಮಾತು ಓದಲು ಬರುವಂತೆಯೇ ಇರಬೇಕು. ಅದನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಕಲಿಸಿದವರು ಅವರೇ.

"ಆರೋಪ ಇನ್ನೂ ಓದಲು ಬರುತ್ತದೆ ಸರ್. ಹಾಗಾಗಿ ಉತ್ತರವೂ ಇರಬೇಕು."

"ಬೇಟಾ, ಇದರಿಂದ ನಿನ್ನ ಬಡ್ತಿಯ ರಿಪೋರ್ಟಿಗೆ ತೊಂದರೆಯಾಗುತ್ತದೆ."

"ಥರ್ಡ್ ಆಫೀಸರ್," ಎಂದೆ.

ಚೀಫ್ ಆಫೀಸರ್ ಪುಸ್ತಕವನ್ನು ತಮ್ಮ ಕಡೆಗೆಳೆದುಕೊಂಡರು. ಅಪ್ಪಣೆ ಕೇಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ನಾನು ಹೇಳಿದ ಐದು ವಾಕ್ಯಗಳನ್ನು ನಿಧಾನವಾಗಿ, ದುಂಡು ಅಕ್ಷರದಲ್ಲಿ, ಒಂದನ್ನೂ ಬಿಡದೆ ಬರೆದರು. ಬರೆದು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿ, ಪುಸ್ತಕವನ್ನು ಕ್ಯಾಪ್ಟನ್ ಎದುರಿಗೆ ತಿರುಗಿಸಿಟ್ಟರು. ಉತ್ತರದ ಕೆಳಗೆ ಕ್ಯಾಪ್ಟನ್ನರ ಸಹಿಯೂ ಬೇಕು, ಅದೂ ನಿಯಮ. ಅವರು ಆ ಐದು ವಾಕ್ಯಗಳನ್ನು ಓದಿದರು. ಸಹಿ ಹಾಕಿದರು.